ರೋಮಿನಲ್ಲಿ ಮೋಸ ಹೋಗದ ಎರಡು ದಿನ

ಅಕ್ಟೋಬರ್ ಹನ್ನೊಂದು, ಶನಿವಾರ. ಬಿಸಿಲಿತ್ತು. ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ. ಮಳೆ ಇಲ್ಲ.

ಜಾಣರಾಗಿರಬೇಕು ಎಂದು ಹೊರಟಾಗಲೆಲ್ಲ ನಮಗೆ ಇಂಥದ್ದು ಆಗುತ್ತಲೇ ಇರುತ್ತದೆ. ಸುಮ್ಮನೆ ದಡ್ಡರಾಗಿದ್ದ ದಿನಗಳಲ್ಲಿ ಏನೂ ಆಗುವುದಿಲ್ಲ.

ನಾನು ಪರ್ತ್‌ನಲ್ಲಿ ಎಂಜಿನಿಯರ್. ಗಣಿಗಳ ಪಂಪು ನೋಡಿಕೊಳ್ಳುವುದು ಕೆಲಸ. ಗೆಳೆಯ ಅಡಿಲೇಡ್‌ನಲ್ಲಿ ಡಾಕ್ಟರು. ಮೈಸೂರಿನಲ್ಲಿ ಪಿಯುಸಿ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ಹೋದ ತಿಂಗಳು ನನಗೆ ಇಟಲಿಯಲ್ಲಿ ಒಂದು ಟ್ರೈನಿಂಗ್ ಇತ್ತು. ಅವನಿಗೂ ಅದೇ ವಾರ ಅಲ್ಲೇ ಹತ್ತಿರ ಡಾಕ್ಟರುಗಳ ಸಮ್ಮೇಳನ. ಶನಿವಾರ, ಭಾನುವಾರ ಸೇರಿಕೊಂಡು ರೋಮ್ ನೋಡಿಬಿಡೋಣ ಎಂದು ಮಾತಾಯಿತು.

ನೋಡುವುದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಮುಂದಿನ ವರ್ಷ ಅವನ ಸಂಸಾರವೆಲ್ಲ, ಅತ್ತೆ ಮಾವ ಸಮೇತ, ಯೂರೋಪಿಗೆ ಹೋಗುವುದಿದೆ. ಟಿಕೆಟ್, ಹೋಟೆಲ್, ದುಡ್ಡು ಎಲ್ಲದರ ಯಜಮಾನಿಕೆ ಅಳಿಯನಾದ ಇವನಿಗೋ, ಬ್ರಿಸ್ಬೇನ್ ಹತ್ತಿರದ ನಾರ್ತ್ ಲೇಕ್ಸ್‌ನಲ್ಲಿರುವ ಇವನ ಭಾವಮೈದನಿಗೋ ಎನ್ನುವುದು ಮನೆಯಲ್ಲಿ ಆರು ತಿಂಗಳಿಂದ ನಡೆಯುತ್ತಿದ್ದ ವಾದ. ಇವನ ದಾಖಲೆ ಚೆನ್ನಾಗಿರಲಿಲ್ಲ. ಬಾಲಿಯಿಂದ ಶ್ರೀಗಂಧದ ಬುದ್ಧ ಎಂದು ತಂದದ್ದು ಮೂರು ತಿಂಗಳಿಗೆ ಪರಿಮಳ ಕಳೆದುಕೊಂಡು, ನಾಲ್ಕನೆಯ ತಿಂಗಳಿಗೆ ಬಣ್ಣವನ್ನೂ ಬಿಟ್ಟಿತ್ತು. ಕೊನೆಗೆ ಅವನ ಹೆಂಡತಿ ತೀರ್ಪು ಕೊಟ್ಟರು.

"ರೋಮ್‌ನಲ್ಲಿ ಎರಡು ದಿನ ಒಂದೇ ಒಂದು ಸಲಾನೂ ಮೋಸ ಹೋಗದೆ ಬನ್ನಿ. ಎಲ್ಲಾ ನಿಮಗೇ ವಹಿಸ್ತೀನಿ. ಮೋಸ ಹೋದ್ರೆ ನಮ್ಮ ತಮ್ಮ ನೋಡ್ಕೊಳ್ತಾನೆ."

ಆಮೇಲೆ ನನಗೆ ಬೇರೆಯಾಗಿ ಫೋನ್ ಮಾಡಿದರು. "ನೀವು ಮಾತಾಡೋದು ಕಮ್ಮಿ ಅಣ್ಣ. ಆದ್ರೆ ಸುಳ್ಳು ಹೇಳಲ್ಲ. ನೀವೇ ಸಾಕ್ಷಿ."

ಇವತ್ತು ಆಫೀಸಿನ ಕೆಲಸದ ಮೇಲೆ ಅಡಿಲೇಡಿಗೆ ಬಂದ ನನ್ನನ್ನು ಗ್ಲೆನೆಲ್ಗ್‌ನ ಅವರ ಮನೆಗೆ ಊಟಕ್ಕೆ ಕರೆದರು. ತಟ್ಟೆಗೆ ಬಿಸಿಬೇಳೆಬಾತ್ ಬಡಿಸಿ, ತುಪ್ಪ ಹಾಕಿ, ಎದುರು ಕೂತು, "ಈಗ ಹೇಳಿ," ಅಂದರು. ಮೇಜಿನ ಕೆಳಗೆ ಗೆಳೆಯ ನನ್ನ ಕಾಲು ತುಳಿದ.

ನಾನು ಹೇಳಿದ್ದು ಇಷ್ಟು.

೧. ದೊಡ್ಡ ಗ್ಯಾಂಗು

ಭಾವಮೈದ ರೋಮ್ ನೋಡಿ ಬಂದವನು. ಅಲ್ಲಿ ಯಾರು ಯಾರು ಹೇಗೆ ಹೇಗೆ ಮೋಸ ಮಾಡುತ್ತಾರೆ ಎಂಬ ಪಟ್ಟಿಯೊಂದನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. ಸಹಾಯ ಮಾಡಲಿಕ್ಕೆ ಕಳಿಸಿದನೋ ಹೆದರಿಸಲಿಕ್ಕೋ ಎಂದು ಗೆಳೆಯನಿಗೆ ಅದರ ಮೇಲೂ ಅನುಮಾನ. ಆದರೂ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ ತಂದಿದ್ದ.

ಸ್ಟೇಷನ್ನಿನಿಂದ ಹೊರಗೆ ಬಂದೆವು. ಒಬ್ಬ ಮುದುಕ ನಗುತ್ತಾ ಬಂದು ಇವನ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದ. ಇವನು ಎಳೆದ. ಅವನೂ ಎಳೆದ.

"ನೋ ಟ್ಯಾಕ್ಸಿ! ನೋ ಹೋಟೆಲ್! ನೋ!" ಎಂದು ಇವನು ಕೂಗಿದ ಕೂಗಿಗೆ ನಾಲ್ಕು ಜನ ನಿಂತು ನೋಡಿದರು.

ನಾನು ಮೆಲ್ಲಗೆ, "ಅವನ ಕೈಯಲ್ಲಿರೋ ಕಾಗದದಲ್ಲಿ ನಿನ್ನ ಹೆಸರಿದೆ ಕಣೋ," ಅಂದೆ.

"ನನ್ನ ಹೆಸರು ಇವನಿಗೆ ಹೇಗೆ ಗೊತ್ತಾಯ್ತು? ಹಾಗಾದ್ರೆ ಇದು ಸಣ್ಣ ಗ್ಯಾಂಗ್ ಅಲ್ಲ, ನಡಿ ನಡಿ!"

ನಡೆದೆವು. ಒಂದು ಗಂಟೆ ಗಲ್ಲಿ ಗಲ್ಲಿ ಸುತ್ತಿ, ಬುಕ್ ಮಾಡಿದ್ದ ಮನೆ ಹುಡುಕಿ, ಬೆಲ್ ಒತ್ತಿದೆವು. ಬಾಗಿಲು ತೆರೆದದ್ದು ಅದೇ ಮುದುಕ. ಈ ಸಲ ಅವನು ನಗಲಿಲ್ಲ. ನಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ಇಸಕೊಂಡು, ಬೆಳಕಿಗೆ ಹಿಡಿದು, ಮೂರು ಮೂರು ಸಲ ತಿರುಗಿಸಿ ನೋಡಿದ.

೨. ನಿಂತು ಕುಡಿದ ಕಾಫಿ

ರೋಮಿನಲ್ಲಿ ಕೂತು ಕುಡಿದರೆ ಕಾಫಿಗೆ ಒಂದು ರೇಟು, ಕೌಂಟರಿನ ಮುಂದೆ ನಿಂತು ಕುಡಿದರೆ ಅದರ ಅರ್ಧವೂ ಇಲ್ಲ. ದರ್ಶಿನಿಗಳಲ್ಲಿ ನಿಂತು ತಿಂದು ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೋದ ತಕ್ಷಣ ಕೌಂಟರಿಗೆ ಒರಗಿ ನಿಂತು ಎರಡು ಕಾಫಿ ಕುಡಿದೆವು. ಇಬ್ಬರದೂ ಸೇರಿ ಮೂರು ಯೂರೋ ಆಗಲಿಲ್ಲ. ನಮ್ಮ ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿ ಆ ದುಡ್ಡಿಗೆ ಒಂದು ಕಪ್ಪೂ ಬರುವುದಿಲ್ಲ.

ನನಗೆ ಖುಷಿಯಾಯಿತು. ಅವನಿಗೆ ಗಾಬರಿಯಾಯಿತು.

"ಇಷ್ಟು ಕಮ್ಮಿ ಯಾಕೆ?"

"ಕಮ್ಮಿ ಇದ್ರೆ ಒಳ್ಳೇದಲ್ವೇನೋ?"

"ಮೊದಲು ಕಮ್ಮಿ ಹೇಳಿ ಆಮೇಲೆ ಸೇರಿಸ್ತಾರೆ. ಪಟ್ಟಿಯಲ್ಲಿದೆ."

ಬಿಲ್ಲನ್ನು ಕಣ್ಣಿಗೆ ಹತ್ತಿರ ಹಿಡಿದು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದ. ಮತ್ತೆ ಕೌಂಟರಿನವನನ್ನು ಕರೆದು, "ನೀವು ಟೇಬಲ್ ಚಾರ್ಜ್ ಹಾಕಿಲ್ಲ," ಅಂದ. ಅವನು ಇಲ್ಲ ಎಂದು ತಲೆಯಾಡಿಸಿದ. "ಆಮೇಲೆ ಹಾಕ್ತೀರಾ?" ಇಲ್ಲ. "ಬರೆದು ಕೊಡಿ."

ಆತ ಒಂದು ಕ್ಷಣ ಇವನನ್ನೇ ನೋಡಿ, ಕೈ ಒರೆಸಿಕೊಂಡು, ಒಂದು ಮೂಲೆಯಲ್ಲಿದ್ದ ಖಾಲಿ ಟೇಬಲ್ ತೋರಿಸಿದ. ಅಷ್ಟು ಆಸೆಯಿದ್ದರೆ ಹೋಗಿ ಕೂತುಕೋ, ದುಡ್ಡು ಬೇಡ ಎಂದು ಕೈಸನ್ನೆ ಮಾಡಿದ. ನಾವು ಅಲ್ಲಿಂದ ಓಡಿದ್ದು ಹಾಗೆ.

೩. ಓಡಲಾರದ ಫೋಟೋಗ್ರಾಫರು

ಕೊಲೋಸಿಯಂ ಮುಂದೆ ನಮ್ಮಿಬ್ಬರದೂ ಒಂದು ಫೋಟೋ ಬೇಕಾಗಿತ್ತು. ಫೋನು ಯಾರ ಕೈಗೆ ಕೊಡುವುದು? ಯುವಕರು ಬೇಡ, ಓಡಿಬಿಡುತ್ತಾರೆ. ದಂಪತಿಗಳು ಬೇಡ, ಒಬ್ಬರು ಮಾತಾಡಿಸುವಾಗ ಇನ್ನೊಬ್ಬರು ಓಡುತ್ತಾರೆ. ಸೈಕಲ್ಲಿನವರ ಮಾತೇ ಇಲ್ಲ. ಅರ್ಧ ಗಂಟೆ ಬಿಸಿಲಲ್ಲಿ ನಿಂತು ಜನರನ್ನು ಸೋಸಿದ ಮೇಲೆ, ಊರುಗೋಲು ಹಿಡಿದ ಎಂಬತ್ತರ ಮೇಲಿನ ಒಬ್ಬ ಅಜ್ಜಿಯನ್ನು ಗೆಳೆಯ ಆರಿಸಿದ.

"ಮಂಡಿ ನೋಡು," ಅಂದ ಡಾಕ್ಟರು. "ಎರಡೂ ಹೋಗಿವೆ. ಹತ್ತು ಹೆಜ್ಜೆ ಓಡೋದಕ್ಕೆ ಸಾಧ್ಯ ಇಲ್ಲ."

ಅಜ್ಜಿ ಸಂತೋಷದಿಂದ ಫೋನ್ ತೆಗೆದುಕೊಂಡರು. ಅಷ್ಟು ದೊಡ್ಡ ಕಟ್ಟಡ ಚೌಕಟ್ಟಿನೊಳಗೆ ಹಿಡಿಸಬೇಕಲ್ಲ, ಒಂದು ಹೆಜ್ಜೆ ಹಿಂದೆ ಸರಿದರು. ಇವನು ಒಂದು ಹೆಜ್ಜೆ ಮುಂದೆ ಸರಿದ. ಅವರು ಇನ್ನೆರಡು ಹೆಜ್ಜೆ ಹಿಂದೆ. ಇವನು ಇನ್ನೆರಡು ಮುಂದೆ. ಅಜ್ಜಿ ಕೈಸನ್ನೆಯಲ್ಲಿ ನಿಲ್ಲು ನಿಲ್ಲು ಎಂದರು. ಇವನು ನಗುತ್ತಲೇ, ನಿಲ್ಲದೆ, ಫೋನಿನ ಮೇಲೆ ಕಣ್ಣಿಟ್ಟು ನಡೆದ. ನಾನು ಮಾತ್ರ ಕೊಲೋಸಿಯಂ ಪಕ್ಕದಲ್ಲಿ ಒಬ್ಬನೇ ನಿಂತಿದ್ದೆ.

ಅಜ್ಜಿ ಹದಿನಾಲ್ಕು ಫೋಟೋ ತೆಗೆದಿದ್ದರು.

ಇಷ್ಟು ಹೇಳುವಾಗ ಅವನ ಮಗಳು ಫೋನ್ ತೆಗೆದುಕೊಂಡು ಹದಿನಾಲ್ಕನ್ನೂ ಒಂದೊಂದಾಗಿ ಸರಿಸಿ ನೋಡಿದಳು. "ಡ್ಯಾಡ್, ದಿಸ್ ಈಸ್ ಜಸ್ಟ್ ಯುವರ್ ನೋಸ್."

ಅವಳ ತಾಯಿ ಇಣುಕಿ ನೋಡಿ, "ನೀವು ರೋಮ್‌ಗೇ ಹೋಗಿದ್ರಿ ಅನ್ನೋದಕ್ಕೆ ಬೇರೆ ಏನಾದ್ರೂ ಪುರಾವೆ ಇದೆಯಾ?" ಅಂದರು.

೪. ಚಕ್ಕುಲಿ

ಸಂಜೆ ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಗಂಡ ಹೆಂಡತಿ. ಇಬ್ಬರೂ ನಮ್ಮ ವಯಸ್ಸಿನವರೇ. ಗಂಡ ನಮ್ಮ ಮಾತು ಕೇಳಿಸಿಕೊಂಡು ಮುಖ ಅರಳಿಸಿ, "ಕನ್ನಡದೋರೇನ್ರಿ? ನಾವು ದಾವಣಗೆರೆ," ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಗೆಳೆಯ, "ಸಾರಿ, ನೋ ಅಂಡರ್‌ಸ್ಟ್ಯಾಂಡ್," ಅಂದ. ನಾಲ್ಕು ನಿಮಿಷದಿಂದ ಕನ್ನಡದಲ್ಲಿ ಅವರ ಎದುರೇ ಭಾವಮೈದನನ್ನು ಬೈಯುತ್ತಿದ್ದವನು.

ಅವರು ತಪ್ಪು ತಿಳಿಯಲಿಲ್ಲ. ಚೀಲದಿಂದ ಒಂದು ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮುಂದೆ ಹಿಡಿದರು. ಚಕ್ಕುಲಿ. ಬೆಣ್ಣೆ ಹಾಕಿ ಮಾಡಿದ್ದು. ಒಂದು ವಾರದಿಂದ ಬರೀ ಬ್ರೆಡ್ಡು ತಿಂದಿದ್ದ ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಗೆಳೆಯ ಮೊಣಕೈ ಹಿಡಿದು ಎಳೆದ.

"ರೈಲಲ್ಲಿ ಬಿಸ್ಕತ್ ಕೊಟ್ಟು ಜ್ಞಾನ ತಪ್ಪಿಸ್ತಾರಲ್ಲ, ಮರೆತುಹೋಯ್ತಾ?" ಎಂದು ನನ್ನ ಕಿವಿಯಲ್ಲಿ ಹೇಳಿದ. ಕನ್ನಡದಲ್ಲೇ ಹೇಳಿದ. ಅವರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದ.

ಆ ಹೆಂಗಸು ಡಬ್ಬಿಯ ಮುಚ್ಚಳ ಹಾಕಿದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಂಡನಿಗೆ ಹೇಳಿದರು: "ಈ ಕಡೆ ಬಂದು ಕೂಡ್ರಿ ನೀವು. ಭಾಷೆ ಬಂದ್ರೂ ಬರಲ್ಲ ಅಂತಾರೆ. ಪರ್ಸ್ ಒಳಗಿನ ಜೇಬಿನಾಗೆ ಇಟ್ಕೊಳ್ರಿ."

೫. ಒಂಟಿ ಶೂ

"ಇಷ್ಟರಲ್ಲಿ ಮೋಸ ಎಲ್ಲಿದೆ?" ಎಂದು ಗೆಳೆಯ ತಟ್ಟೆ ಎತ್ತಿಕೊಂಡು ಏಳಲು ನೋಡಿದ. "ಆಯ್ತಲ್ಲ. ನಾನೇ ಗೆದ್ದೆ."

"ಭಾನುವಾರ ಇನ್ನೂ ಬಂದಿಲ್ಲ," ಅಂದರು ಅವನ ಹೆಂಡತಿ. "ಕೂತ್ಕೊಳ್ಳಿ."

ಮತ್ತೆ ನನ್ನ ಕಾಲು ತುಳಿದ. ಈ ಸಲ ಜೋರಾಗಿ. ಆದರೂ ಸಾಕ್ಷಿ ಸಾಕ್ಷಿಯೇ.

ಅದೇ ಶನಿವಾರ, ಬಸ್ಸಿಳಿದ ಮೇಲೆ, ನಾವು ಇಳಿದುಕೊಂಡಿದ್ದ ಗಲ್ಲಿಯಲ್ಲೇ ಇದ್ದ ಒಂದು ಸಣ್ಣ ಚರ್ಚಿಗೆ ಹೋದೆವು. ದೇವರಿರುವ ಕಡೆ ಕಾಲಲ್ಲಿ ಏನಾದರೂ ಹಾಕಿಕೊಂಡು ಒಳಗೆ ಹೋಗಿ ನಮಗೆ ಅಭ್ಯಾಸವಿಲ್ಲ. ಯಾರೂ ಹೇಳದಿದ್ದರೂ ಬಾಗಿಲಲ್ಲೇ ಬಿಚ್ಚಿದೆವು. ನಾನು ಎರಡನ್ನೂ ಜೋಡಿಸಿ ಒಂದು ಮೂಲೆಯಲ್ಲಿಟ್ಟೆ. ಅವನು ನನ್ನನ್ನು ನೋಡಿ ನಕ್ಕು, ಎಡಗಾಲಿನದನ್ನು ಈ ಬಾಗಿಲ ಹಿಂದೆ, ಬಲಗಾಲಿನದನ್ನು ಆಚೆ ತುದಿಯ ಕಂಬದ ಹಿಂದೆ ಇಟ್ಟು ಬಂದ. ದೇವಸ್ಥಾನದಲ್ಲಿ ಹೊಸ ಚಪ್ಪಲಿ ಬಿಡುವಾಗ ನಮ್ಮಲ್ಲಿ ಮಾಡುವ ಉಪಾಯ. ಒಂಟಿ ಚಪ್ಪಲಿ ಯಾವ ಕಳ್ಳನಿಗೂ ಬೇಡ.

ವಾಪಸು ಬಂದಾಗ ನನ್ನ ಜೋಡಿ ಇಟ್ಟಲ್ಲೇ ಇತ್ತು. ಅವನ ಎಡಗಾಲಿನದು ಇತ್ತು. ಬಲಗಾಲಿನದು ಇಲ್ಲ.

ಚರ್ಚಿನ ಬಾಗಿಲು ಹಾಕುವ ಹೊತ್ತು. ಕೇಳಲು ಯಾರೂ ಇರಲಿಲ್ಲ. ಕಾಲುಚೀಲದಲ್ಲೇ ರೂಮಿಗೆ ನಡೆದ. ರೂಮಿಗೆ ಬಂದು ಬಾಗಿಲು ಹಾಕಿ, ಚಿಲಕ ಎರಡು ಸಲ ನೋಡಿ ಹೇಳಿದ: "ಒಳಗಿನ ಅಟ್ಟೆ ಕೆಳಗೆ ನೂರು ಯೂರೋ ನೋಟು ಇಟ್ಟಿದ್ದೆ ಕಣೋ. ಯಾರೂ ಮುಟ್ಟಲ್ಲ ಅಂತ."

ಭಾನುವಾರ ಬೆಳಿಗ್ಗೆ ಕಾಲುಚೀಲದ ಮೇಲೆ ಬಚ್ಚಲಿನ ಹವಾಯಿ ಚಪ್ಪಲಿ ಹಾಕಿಕೊಂಡು, ಎಡಗಾಲಿನ ಶೂ ಬ್ಯಾಗಿನಲ್ಲಿಟ್ಟುಕೊಂಡು ಹೊರಟ. ಚರ್ಚಿನ ಮುಂದೆ ಉದ್ದನೆಯ ಟೇಬಲ್ ಹಾಕಿ ಹಳೆಯ ಬಟ್ಟೆ, ಕಪ್ಪು, ಕೊಡೆ, ಜನ ಬಿಟ್ಟುಹೋದ ಸಾಮಾನು ಎಲ್ಲ ಮಾರುತ್ತಿದ್ದರು. ಬಂದ ದುಡ್ಡು ಬಡವರಿಗೆ. ಟೇಬಲ್ಲಿನ ತುದಿಯಲ್ಲಿ, ಒರೆಸಿ ಪಾಲಿಷ್ ಮಾಡಿದ ಒಂದು ಬಲಗಾಲಿನ ಶೂ. ಮೇಲೆ ಚೀಟಿ: ಎರಡು ಯೂರೋ.

"ಸಿಕ್ತಲ್ಲ. ಎರಡು ಯೂರೋ ಕೊಟ್ಟು ತಗೋ," ಅಂದೆ.

"ನನ್ನ ಶೂಗೆ ನಾನೇ ದುಡ್ಡು ಕೊಟ್ರೆ ಅದು ಮೋಸ ಅಲ್ವಾ? ಅವಳು ಕೇಳಿದ್ರೆ ಏನು ಹೇಳಲಿ?"

"ನಿಂದು ಅಂತ ಹೇಳಿ ಕೇಳು ಮತ್ತೆ."

"ನಂದು ಅಂದ್ರೆ ಬೇಕು ಅಂತ ಗೊತ್ತಾಗುತ್ತೆ. ಬೇಕು ಅಂತ ಗೊತ್ತಾದ್ರೆ ರೇಟ್ ಏರಿಸ್ತಾರೆ. ನೀನು ಸುಮ್ಮನಿರು."

ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೊಳ್ಳುವವನ ಹಾಗೆ ಆ ಕಡೆ ಈ ಕಡೆ ನೋಡುತ್ತಾ ಹೋಗಿ, ಕಪ್ಪು ಮುಟ್ಟಿ, ಕೊಡೆ ಬಿಚ್ಚಿ, ಕೊನೆಗೆ ಶೂ ಎತ್ತಿ ಮೂಗು ಮುರಿದ. ಟೇಬಲ್ ಹಿಂದಿದ್ದ ದಪ್ಪ ಕನ್ನಡಕದ ಹೆಂಗಸು ಇವನನ್ನೇ ನೋಡುತ್ತಿದ್ದಳು. ಇಂಗ್ಲಿಷ್ ಬರುತ್ತಿದ್ದ ಪಾದ್ರಿಯೊಬ್ಬರು ನಡುವೆ ನಿಂತು ಮಾತು ದಾಟಿಸಿದರು.

"ಹಳೇದು. ಸವೆದಿದೆ. ಇದನ್ನ ನಾನು ಯಾವತ್ತೂ ನೋಡಿಲ್ಲ, ಸುಮ್ಮನೆ ಕೇಳ್ತಿದ್ದೀನಿ. ಅರ್ಧ ಯೂರೋ."

ಆ ಹೆಂಗಸು ಟೇಬಲ್ಲಿನ ಮೇಲೆ ಬಗ್ಗಿ ಇವನ ಹವಾಯಿ ಚಪ್ಪಲಿ ನೋಡಿದಳು. ಎರಡು ಕಾಲಿಗೂ ಇಲ್ಲದೆ ಒಂದು ಕಾಲಿಗಾದರೂ ಆಗಲಿ ಎಂದು ಚೌಕಾಸಿ ಮಾಡುತ್ತಿದ್ದಾನೆ ಎಂದುಕೊಂಡಳೋ ಏನೋ. ಕಣ್ಣು ಒರೆಸಿಕೊಂಡು ಏನೋ ಹೇಳಿದಳು.

"ನಿಮಗೆ ಪುಕ್ಕಟೆ ಕೊಡ್ತಾರಂತೆ," ಅಂದರು ಪಾದ್ರಿ.

ಗೆಳೆಯ ಬೆಂಕಿ ಮುಟ್ಟಿದವನ ಹಾಗೆ ಶೂ ಕೆಳಗಿಟ್ಟ. ಭಾವಮೈದನ ಪಟ್ಟಿಯ ಅರ್ಧ ಪುಟವೆಲ್ಲ ಪುಕ್ಕಟೆ ಕೊಡುವವರ ಬಗ್ಗೆಯೇ.

"ಬೇಡ! ಪುಕ್ಕಟೆ ಬೇಡ! ರೇಟ್ ಹೇಳಿ!"

"ಹಾಗಾದರೆ ಎರಡು ಯೂರೋ."

ಒಪ್ಪಿದ. ಆದರೆ ಕೊಡುವ ಮೊದಲು ಇನ್ನೊಂದು ಅನುಮಾನ ಬಂತು. ಒರೆಸಿ ಪಾಲಿಷ್ ಮಾಡಿದವರು ಒಳಗೆ ಕೈ ಹಾಕದೆ ಇದ್ದಾರೆಯೇ? ಅಲ್ಲೇ, ಎಲ್ಲರ ಮುಂದೆ, ಅಟ್ಟೆ ಕಿತ್ತು ನೋಡಿದ. ನೋಟು ಇತ್ತು. ಹೊರಗೆ ತೆಗೆದು ಬಿಡಿಸಿ ನನಗೆ ತೋರಿಸಿ ನಕ್ಕ.

ಆ ಹೆಂಗಸು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ನೋಟನ್ನು ಇವನ ಬೆರಳುಗಳ ನಡುವಿನಿಂದ ಮೆಲ್ಲಗೆ ತೆಗೆದುಕೊಂಡಳು.

"ಅದು ನನ್ನದು!"

ಪಾದ್ರಿ ಬಹಳ ಸೌಮ್ಯವಾಗಿ ಕೇಳಿದರು. "ಈ ಶೂ ಯಾವತ್ತೂ ನೋಡಿಲ್ಲ ಅಂದಿರಿ. ಪುಕ್ಕಟೆ ಕೊಟ್ಟೆವು, ಬೇಡ ಅಂದಿರಿ. ದುಡ್ಡು ಇನ್ನೂ ಕೊಟ್ಟಿಲ್ಲ. ಹಾಗಾದರೆ ಈ ಶೂ ಈಗ ಯಾರದು?"

ಗೆಳೆಯ ಕೊನೆಯ ಪುರಾವೆ ಎಂದು ಬ್ಯಾಗಿನಿಂದ ಎಡಗಾಲಿನ ಶೂ ತೆಗೆದು ಪಕ್ಕದಲ್ಲಿಟ್ಟ. ಎರಡೂ ಒಂದೇ ಜೋಡಿ. ಹೆಂಗಸು ಎರಡನ್ನೂ ನೋಡಿ, ಕನ್ನಡಕ ಸರಿಮಾಡಿಕೊಂಡು, ಪಾದ್ರಿಯ ಕಿವಿಯಲ್ಲಿ ಏನೋ ಅಂದಳು.

"ಈ ಎಡಗಾಲಿನದನ್ನು ನಮ್ಮ ಟೇಬಲ್ಲಿನಿಂದ ಯಾವಾಗ ಎತ್ತಿಕೊಂಡಿರಿ ಅಂತ ಕೇಳ್ತಿದ್ದಾರೆ," ಅಂದರು ಪಾದ್ರಿ.

ಇಲ್ಲಿಗೆ ನಾನು ನಿಲ್ಲಿಸಿದೆ. ಗೆಳೆಯ ಖಾಲಿ ತಟ್ಟೆಯನ್ನೇ ಬೆರಳಿನಿಂದ ಬಳಿಯುತ್ತಿದ್ದ.

"ನೂರು ಯೂರೋ ಹೋಯ್ತು ಅನ್ನಿ," ಅಂದರು ಅವನ ಹೆಂಡತಿ.

"ಅದು ಮೋಸ ಅಲ್ಲ ಕಣೇ. ಬಡವರಿಗೆ ಹೋಯ್ತು. ದಾನ!"

ಅವರು ಗಂಡನ ಕಡೆ ತಿರುಗಲೂ ಇಲ್ಲ. "ನೀವು ಹೇಳಿ ಅಣ್ಣ. ಕೊನೆಗೆ ಅಲ್ಲಿ ಕೊಟ್ಟು ಬಂದಿದ್ದು ಎಷ್ಟು?"

"ನೂರಾ ಎರಡು," ಅಂದೆ. "ನೂರು ಅವರ ಶೂನಲ್ಲಿ ಸಿಕ್ಕಿದ ಅವರ ದುಡ್ಡಂತೆ. ಶೂ ರೇಟು ಬೇರೆ."