ರಸ್ತೆ ಬದಿಯ ಬ್ಲೀಚಿಂಗ್ ಪೌಡರ್ ಅವರ ಸನ್ನಿಧಿಗೆ

ಮಾನ್ಯ ಬ್ಲೀಚಿಂಗ್ ಪೌಡರ್ ಅವರೇ,

ಕುಡಿಯುವ ನೀರು, ಚರಂಡಿ, ಕಕ್ಕಸು, ಗಣ್ಯರ ಸ್ವಾಗತ ಎಂಬ ಎಲ್ಲ ಖಾತೆಗಳನ್ನೂ ಒಬ್ಬರೇ ನಿಭಾಯಿಸುತ್ತಿರುವ ತಮಗೆ, ಮಳವಳ್ಳಿಯ ಆಸ್ಪತ್ರೆಯೊಂದರ ವರಾಂಡದಲ್ಲಿ ಕೂತು ಬರೆಯುತ್ತಿರುವ ಕವಿತಳ ಸವಿನಯ ನಮಸ್ಕಾರಗಳು. ಒಳಗೆ ನಮ್ಮವ್ವ ಸಣ್ಣತಾಯಮ್ಮನಿಗೆ ಡ್ರಿಪ್ ಹಾಕಿದ್ದಾರೆ. ವಾಂತಿಭೇದಿ ಇನ್ನೂ ನಿಂತಿಲ್ಲವಾದ್ದರಿಂದ, ಈ ಪತ್ರದಲ್ಲಿ ಎಲ್ಲಾದರೂ ಮರ್ಯಾದೆ ತಪ್ಪಿದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ಮುತ್ತತ್ತಿ ರಸ್ತೆಯ ನಮ್ಮೂರಿನಲ್ಲಿ ತಮ್ಮ ಪ್ರತಿಷ್ಠೆಯನ್ನು ಏನೆಂದು ಹೇಳಲಿ! ರಸ್ತೆಯ ಎರಡೂ ಬದಿಗೆ ತಾವು ಬೆಳ್ಳಗೆ ಗೆರೆಯಾಗಿ ಮಲಗಿದಿರೆಂದರೆ, ಯಾರೋ ದೊಡ್ಡವರು ಬರುತ್ತಿದ್ದಾರೆಂದು ಎಮ್ಮೆ ಮೇಯಿಸುವವರಿಗೂ ತಿಳಿದುಬಿಡುತ್ತದೆ. ಈಚೆಗೆ ಗಣ್ಯರೊಬ್ಬರು ಬಂದಾಗ ನಮ್ಮ ಪಂಚಾಯಿತಿಯವರು ಹೊಸ ಮೂಟೆ ಬಿಚ್ಚಿ, ಊರ ಮುಂದಿನಿಂದ ಶಾಲೆಯವರೆಗೆ ತಮ್ಮನ್ನು ಧಾರಾಳವಾಗಿ ಉದುರಿಸಿದರು. ಉಳಿದ ತಮ್ಮನ್ನು ಚೀಲದ ಬಾಯಿಯನ್ನೂ ಕಟ್ಟದೆ ಪಂಚಾಯಿತಿ ಕಚೇರಿಯ ಬಿಸಿಲು ಬೀಳುವ ಕಿಟಕಿಯ ಕೆಳಗೆ ಕೂರಿಸಿ, ಗಾಳಿ ಬೆಳಕಿನ ಉಪಚಾರ ಮಾಡಿದರು. ಆ ಉಪಚಾರದಲ್ಲಿ ತಮ್ಮ ಘಾಟೂ, ಅದರ ಜೊತೆಗೆ ಕ್ರಿಮಿ ಕೊಲ್ಲುವ ಶಕ್ತಿಯೂ ಹಾರಿಹೋದವು.

ಆಮೇಲೆ ಹೊಳೆ ಏರಿ, ಕುಡಿಯುವ ನೀರಿನ ಬಾವಿಗೆ ಕೆಸರು ನುಗ್ಗಿತು. ನೀರುಗಂಟಿ ಚೌಡಯ್ಯ ತಮ್ಮನ್ನು ಹೊತ್ತುಕೊಂಡು ಟ್ಯಾಂಕಿನ ಕಡೆ ಓಡಿದ. ಜಗಲಿಯ ಮೇಲಿದ್ದ ಅವ್ವ, "ಏನ್ಲಾ ಚೌಡ, ಟ್ಯಾಂಕ್ ಒಳಿಕ್ಕೆ ಯಾವ ಮಂತ್ರಿ ಇಳೀತಾವ್ನ್ಲಾ?" ಅಂದಳು. "ಔಸ್ದಿ ಕಣವ್ವ, ಇನ್ನೇನೂ ಎದ್ರಬ್ಯಾಡ, ಕುಡಿ" ಅಂದ ಅವನು. ಬಕೆಟ್ಟಿನಲ್ಲಿ ಕಲಸಿ, ಗಷ್ಟು ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹುಯ್ದು, ಅರ್ಧ ಗಂಟೆ ಕಾದು ನೀರು ಬಿಟ್ಟ. ಅವ್ವ ನಂಬಿ ಕುಡಿದಳು. ಕ್ರಮವೆಲ್ಲ ಸರಿಯಾಗಿಯೇ ಇತ್ತು, ತಾವು ಮಾತ್ರ ಇರಲಿಲ್ಲ. ಟ್ಯಾಂಕಿಗೆ ಬಂದದ್ದು ತಮ್ಮ ಬಣ್ಣವಷ್ಟೇ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಇನ್ನು ಮುಂದೆ ಶಕ್ತಿ ಕಳೆದುಕೊಂಡ ಕೂಡಲೇ ತಾವು ನಾಚಿಕೆಯಿಂದ ಕರ್ರಗಾಗಬೇಕು. ಗೆರೆ ಎಳೆಯಲು ಬಂದವರ ಕೈಗೆ ಸಿಗದಂತೆ ಮೂಟೆ ಸಮೇತ ಎದ್ದು ಟ್ಯಾಂಕು ಹತ್ತಿ ಕೂರಬೇಕು. ಬಾಯಿ ಬಿಚ್ಚಿದ ಚೀಲದ ಪಕ್ಕದಲ್ಲೇ ಕೂತು ಸಹಿ ಹಾಕುವವರಿಗೆ ಒಂದೊಂದು ಮೂಗು ಮಂಜೂರು ಮಾಡಿಸಬೇಕು. ಇವು ಯಾವುವೂ ಆಗದಿದ್ದರೆ ನಮ್ಮವ್ವನನ್ನು ಎಬ್ಬಿಸಿ ಕೂರಿಸಿ, ಅಷ್ಟು ಸಾಕು. ಅವಳ ಕೈ ತಣ್ಣಗಿದೆ. ನನಗೆ ಹೆದರಿಕೆಯಾಗುತ್ತಿದೆ.

ಬಿಳಿಯದೆಲ್ಲ ಶುದ್ಧವೆಂದು ನಂಬಿದ ಮನೆಯಿಂದ,
ತಮ್ಮ ವಿಶ್ವಾಸಿ,
ಕವಿತ

ತಾ.ಕ.: ನಮ್ಮೂರಿನ ರೋಗಿಗಳನ್ನು ಸಂತೈಸಲು ಅದೇ ಗಣ್ಯರು ನಾಡಿದ್ದು ಬರುತ್ತಾರಂತೆ, ಸ್ವಾಗತಕ್ಕೆಂದು ತಮ್ಮ ಹೊಸ ಮೂಟೆ ಬಂದಿಳಿದಿದೆ. ಚೌಡಯ್ಯ ತಮ್ಮನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಬಿಸಿಲು ತೇವ ತಾಕದ ಕೋಣೆಯಲ್ಲಿಟ್ಟು, ಬೀಗ ಜಡಿದು, ಬೀಗದ ಕೈಯನ್ನು ಈ ವರಾಂಡಕ್ಕೇ ಬಂದು ನನಗೆ ಕೊಟ್ಟಿದ್ದಾನೆ. ರಸ್ತೆಗೆ ಸುಣ್ಣದ ಪುಡಿ ಉದುರಿಸುತ್ತಾನೆ. ಕಾರಿನ ಗಾಜು ಏರಿಸಿಕೊಂಡು ಬರುವವರಿಗೆ ಎರಡೂ ಒಂದೇ.