ಭಾವೀ ಅಳಿಯನೊಂದಿಗೆ ಒಂದು ಸಂದರ್ಶನ

ಪ್ರಶ್ನೆ ಕೇಳುವ ಕಲೆ ನನಗೆ ಹುಟ್ಟಿನಿಂದಲೇ ಒಲಿದಿದೆ ಎಂದು ನಾನು ನಂಬಿದ್ದ ಕಾಲವದು. ಚಿಂಚವಾಡದ ನಮ್ಮ ಮನೆಗೆ ಆಗತಾನೇ ಟಿ.ವಿ. ಬಂದಿತ್ತು. ಕಾರ್ಖಾನೆಯಿಂದ ಬಂದವನೇ ಸುದ್ದಿಯ ಸಂದರ್ಶನ ನೋಡಲು ಕೂರುತ್ತಿದ್ದೆ. ಕೇಳುವವರು ನಗುವುದಿಲ್ಲ, ಹೇಳುವವರು ಬೆವರುತ್ತಾರೆ. ಆಹಾ, ಎಂಥ ಗಾಂಭೀರ್ಯ! ಹೆಂಡತಿ ಸುಶೀಲೆಗೆ ಮಾತ್ರ ರಾತ್ರಿ ಊಟವಾದ ಮೇಲೆ ಬರುವ ಹರಟೆಯ ಕಾರ್ಯಕ್ರಮವೇ ಇಷ್ಟ. ಅಲ್ಲಿ ಸೋಫಾ, ಚಹಾ, ಬರೀ ನಗು.

ಹೀಗಿರುವಾಗ ನಮ್ಮ ಮಗಳು ವಿದ್ಯಾಳನ್ನು ನೋಡಲು ಬೆಳಗಾವಿಯಿಂದ ಗಂಡಿನ ಕಡೆಯವರು ಹೊರಟರು. ಹಿಂದೆ ಯಾರಾದರೂ ನೋಡಲು ಬಂದರೆ ಮುಖ ಊದಿಸಿಕೊಳ್ಳುತ್ತಿದ್ದ ಹುಡುಗಿ, ಈ ಸಲ ಫೋಟೋ ನೋಡಿ ತಾನೇ ಸೀರೆಗೆ ಇಸ್ತ್ರಿ ಹಾಕಿಕೊಂಡಳು. ಈ ಸಂಬಂಧ ಕೈತಪ್ಪಬಾರದೆಂದು ನನಗೂ ಭಾಳ ಆಸೆಯಾಯಿತು. ಅದಕ್ಕೇ ಟಿ.ವಿ.ಯಲ್ಲಿ ಕಂಡಂತೆ ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟೆ.

“ಏನ್ರಿ ಇದು? ಬರಾಂವ ಹುಡುಗನೋ, ಕಳ್ಳನೋ?” ಎಂದಳು ಸುಶೀಲೆ. “ರಾತ್ರಿ ಹರಟ್ಯಾಗ ನೋಡ್ರಿ, ನಗಿಸಿ ನಗಿಸಿ ಹೊಟ್ಟ್ಯಾಗಿಂದೆಲ್ಲಾ ಹೊರಗ ತಗೀತಾರ.”

“ಅದು ಮನರಂಜನೆ. ಇದು ಸತ್ಯಶೋಧನೆ!” ಎಂದೆ.

ಹೆಣ್ಣು ನೋಡಲು ಬಂದವರು ಕೇಳಬೇಕು, ಹೆಣ್ಣಿನ ತಂದೆ ತಲೆ ಆಡಿಸಬೇಕು. ಲೋಕರೂಢಿ ಅದು. ಆದರೆ ಹುಡುಗ ಪ್ರಕಾಶ ಅವಲಕ್ಕಿಯ ಮೊದಲ ಚಮಚ ಬಾಯಿಗಿಟ್ಟೊಡನೆ ನಾನು ಗಂಟಲು ಸರಿಪಡಿಸಿಕೊಂಡೆ.

“ಮೊದಲಿನ ನೌಕರಿ ಬಿಟ್ಟದ್ದಕ್ಕೆ ತಮ್ಮ ಸಮರ್ಥನೆ ಏನು?”

“ಅಲ್ಲೆ ಬಡ್ತಿ ಇರ್ಲಿಲ್ರಿ...”

“ಅಂದರೆ, ಬೇಸರವಾದರೆ ಬಿಟ್ಟು ಹೋಗುವುದು ತಮ್ಮ ಸ್ವಭಾವವೇ?”

ಅವಲಕ್ಕಿ ಹುಡುಗನ ನೆತ್ತಿಗೇರಿತು. ಅವನ ತಾಯಿ ತಟ್ಟೆ ಕೆಳಗಿಟ್ಟರು. ತಂದೆ ಕೆಮ್ಮಿ, “ರಾಯರ, ನೋಡ್ಲಿಕ್ಕೆ ಬಂದವರು ನಾವ್ರಿ” ಎಂದರು.

ಅಡುಗೆಮನೆಯ ಬಾಗಿಲಲ್ಲಿ ಸುಶೀಲೆ ನನಗೆ ನಗಿರೆಂದು ಸನ್ನೆ ಮಾಡುತ್ತಿದ್ದಳು. ಸರಿ, ಹರಟೆಯೇ ಆಗಲಿ! ಕಾಲ ಮೇಲೆ ಕಾಲು ಹಾಕಿ, ಹುಡುಗನ ಭುಜ ತಟ್ಟಿ, ಗಹಗಹಿಸಿ ಕೇಳಿದೆ: “ಅದಿರಲಿ, ನಿಮ್ಮ ಮೊದಲ ಪ್ರೇಮದ ಕಥಿ ಹೇಳ್ರಿ!”

ಹುಡುಗ ಪಾಪ, ಬಹಳ ಪ್ರಾಮಾಣಿಕ.

“ಕಾಲೇಜಿನ್ಯಾಗ ಒಬ್ಬಾಕಿ...”

“ಪ್ರಕಾಶಾ!” ಎಂದು ತಂದೆ ಗುಡುಗಿದರು. ತಾಯಿ ಚಪ್ಪಲಿಯತ್ತ ನೋಡಿದರು.

ಅಷ್ಟರಲ್ಲಿ ಚಹಾ ತಂದ ವಿದ್ಯಾ ತಟ್ಟೆಯನ್ನು ನನ್ನ ಕೈಗೇ ಕೊಟ್ಟು, ನನ್ನನ್ನೆಬ್ಬಿಸಿ ನನ್ನ ಕುರ್ಚಿಯಲ್ಲಿ ತಾನೇ ಕೂತಳು.

“ಅಪ್ಪಾ, ನೀವು ಎಲ್ಲಾರಿಗೂ ಚಹಾ ಕೊಡ್ರಿ” ಎಂದು, ಹುಡುಗನ ಕಡೆ ತಿರುಗಿದಳು. “ಹೇಳ್ರಿ, ಆಕಿ ಯಾಕ ಒಲ್ಲೆ ಅಂದಳು?”

“ನಾ ಕೇಳಲೇ ಇಲ್ರಿ. ಧೈರ್ಯ ಆಗ್ಲಿಲ್ಲ.”

ಮೊದಲು ನಕ್ಕವರು ಅವನ ತಾಯಿ! “ಇಂವ ಇವತ್ತ ಇಷ್ಟು ಮಾತಾಡಿದ್ದೇ ದೊಡ್ಡದು ನೋಡವಾ” ಎಂದರು. ಆಮೇಲೆ ತಂದೆಯೂ ನಕ್ಕರು. ನಾನು ಚಹಾ ಹಂಚಿದೆ. ಸಂಬಂಧ ಅಲ್ಲೇ ಕುದುರಿತು.

ಹೊರಡುವಾಗ ಬೀಗರು, “ಏನ್ರಿ, ನಮ್ಮ ಹುಡುಗ ಪಾಸಾದನೋ?” ಎಂದು ಚೇಷ್ಟೆ ಮಾಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸುಶೀಲೆ, “ಇವರ ಕಾರ್ಯಕ್ರಮ ಮುಗೀತ್ರಿ” ಎಂದುಬಿಟ್ಟಳು.

ಮದುವೆಯ ದಿನ ನನ್ನನ್ನು ಮೈಕಿನ ಹತ್ತಿರ ಯಾರೂ ಬಿಡಲಿಲ್ಲ. ಅಡುಗೆ ಭಟ್ಟರನ್ನು, “ಸಾರಿಗೆ ಉಪ್ಪು ಸಾಕೇನ್ರಿ?” ಎಂದು ಕೇಳುವಷ್ಟು ಅಧಿಕಾರ ಮಾತ್ರ ಸಿಕ್ಕಿತು. ಅವರೂ ಉತ್ತರ ಕೊಡಲಿಲ್ಲ!