ಕಾಯಿ ಒಡೆದ ಜಾಗ

ತಿಪ್ಪಯ್ಯನವರು ಆ ತೆಂಗಿನಕಾಯಿಯನ್ನು ನೆಲಕ್ಕೆ ಒಡೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹೊಸದುರ್ಗದ ಕಾಯಿ ವ್ಯಾಪಾರಿ ಅವರು. ಮಾರಿಕಣಿವೆ ಡ್ಯಾಮಿನಲ್ಲಿ ಜನರನ್ನು ಸುತ್ತಾಡಿಸಲು ಮೋಟಾರ್ ದೋಣಿಯೊಂದನ್ನು ತರಿಸಿದ್ದರು. ಮಧ್ಯಾಹ್ನ ದೋಣಿ ಹೊತ್ತ ಟ್ರೈಲರನ್ನು ಜೀಪಿಗೆ ಸಿಕ್ಕಿಸಿದ ಕೂಡಲೇ, ಎರಡೂ ಸೇರುವ ಕೊಕ್ಕೆಯ ಮೇಲೆ ಒಂದೇ ಏಟಿಗೆ ಕಾಯಿ ಒಡೆದರು. ಜೀಪಿನ ಕರೆಂಟನ್ನು ಟ್ರೈಲರಿನ ಲೈಟುಗಳಿಗೆ ಒಯ್ಯುವ ಪ್ಲಗ್ಗು ಪಕ್ಕದಲ್ಲೇ ಇತ್ತು. ಕಾಯಿನೀರು ಅದಕ್ಕೂ ತೀರ್ಥವಾಯಿತು.

"ಸಂಜೆ ಬೀಗರು ಬರ್ತಾರೆ. ಅಷ್ಟೊತ್ತಿಗೆ ದೋಣಿ ನೀರಾಗೆ ಇದ್ರೆ ನೀನೇ ದೋಣಿ ಡ್ರೈವರ್ರು. ಇಲ್ಲಾಂದ್ರೆ ವಾಪಸ್ ಕಾಯಿ ಲಾರಿ ಹತ್ತು" ಎಂದರು ರಂಗೇಶನಿಗೆ.

ರಂಗೇಶ ಅವರ ಕಾಯಿ ಲಾರಿಯಲ್ಲಿ ಸೊಂಟ ಸವೆಸಿಕೊಂಡವನು. ನೀರಿನಲ್ಲಿ ಗುಂಡಿಗಳಿಲ್ಲ ಎಂಬ ಒಂದೇ ಕಾರಣಕ್ಕೆ ಅವನಿಗೆ ದೋಣಿ ಬೇಕಿತ್ತು. ಅವನಿಗೆ ಈಜು ಬರುತ್ತಿರಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ.

ಮತ್ತೋಡು ಊರು ದಾಟಿದ ಮೇಲೆ, ಬೋರಣ್ಣನ ಟೀ ಅಂಗಡಿಯ ಎದುರು ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ.

"ಎಡಕ್ಕೆ ಹೋಗ್ತೀಯೋ, ಬಲಕ್ಕೋ?"

"ನೆಟ್ಟಗೆ ಸಾರ್."

"ಹಿಂದಿನ ಲೈಟು ಎಡಕ್ಕೆ ಅಂತೈತೆ. ಎಲ್ಲಿ, ಬ್ರೇಕ್ ಒತ್ತು."

ಒತ್ತಿದ. ಬಲಗಡೆಯ ಇಂಡಿಕೇಟರ್ ಕಣ್ಣು ಹೊಡೆಯಿತು. ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಜ್ವರ ಬಂದವರಂತೆ ಮಂಕಾಗಿ ಉರಿದವು.

"ಇದು ಸರಿ ಆಗೋವರ್ಗೂ ನೀನೂ ಇಲ್ಲೇ, ನಾನೂ ಇಲ್ಲೇ" ಎಂದು ಪೊಲೀಸಿನವನು ಟೀ ಹೇಳಿ ಬೆಂಚಿನ ಮೇಲೆ ಕೂತ.

ಬೋರಣ್ಣ ಸೌಟು ಹಿಡಿದುಕೊಂಡೇ ಹೊರಗೆ ಬಂದು ದೋಣಿಯೊಳಗೆ ಇಣುಕಿದ. ರಾತ್ರಿ ಬಿದ್ದ ಮಳೆ ಅದರಲ್ಲಿ ತುಳುಕುತ್ತಿತ್ತು. "ದೋಣಿ ನೀರಾಗೆ ಇರ್ಬೇಕಪ್ಪ. ನಿಂದು ನೀರೇ ದೋಣ್ಯಾಗೈತಲ್ಲ" ಎಂದು ನಕ್ಕು, ಬಲ್ಬ್ ಹೋಗಿದೆ ಎಂದು ತೀರ್ಪು ಕೊಟ್ಟ.

ಪಂಪ್‌ಸೆಟ್ ರಿಪೇರಿಯ ಓಬಳೇಶ ಅಲ್ಲೇ ಬನ್ ತಿನ್ನುತ್ತಿದ್ದ. ಪ್ರಪಂಚದ ಯಾವುದೇ ಯಂತ್ರ ಅವನ ಕಣ್ಣಿಗೆ ಬೋರ್‌ವೆಲ್ಲೇ. "ಬಲ್ಬಲ್ಲ, ಫೇಸ್ ಅದಲುಬದಲಾಗೈತೆ. ಮೋಟ್ರು ಉಲ್ಟಾ ತಿರುಗ್ತೈತಲ್ಲ, ಹಂಗೆ" ಎನ್ನುತ್ತಾ ಜೀಪಿನ ಕೆಳಗೆ ನುಗ್ಗಿದ.

"ಉಲ್ಟಾ ತಿರುಗೋಕೆ ಲೈಟ್ ತಿರುಗಲ್ಲಲ್ಲ ಅಣ್ಣ."

"ನೀನು ಲಾರಿಯೋನು. ಸುಮ್ಕಿರು."

ಎರಡು ವೈರು ಆಚೀಚೆ ಮಾಡಿ, "ಈಗ ಒತ್ತು" ಎಂದ. ರಂಗೇಶ ಬ್ರೇಕ್ ಒತ್ತಿದ. ಹಾರ್ನ್ ಕಿರುಚಿತು. ಕುರಿ ಹೊಡೆದುಕೊಂಡು ಆಗಷ್ಟೇ ಬಂದಿದ್ದ ಕೆಂಚಕ್ಕನ ಹಿಂಡು ಅರ್ಧ ಅಂಗಡಿಯೊಳಕ್ಕೆ, ಅರ್ಧ ಟ್ರೈಲರ್ ಕೆಳಕ್ಕೆ ಚೆದುರಿತು.

"ನೀರಿಲ್ಲದೆ ಬಾಯಾರಿ ಬಂದವೆ ಕಣ್ರೋ. ಹೆದರಿಸ್ತೀರಲ್ಲ, ನಿಮ್ಮ ಕೈ ಸೇದ್ಹೋಗ" ಎಂದು ಬೈಯುತ್ತಾ ಕೆಂಚಕ್ಕ ಕುರಿಗಳ ಹಿಂದೆ ಟ್ರೈಲರಿನ ಮರೆಗೆ ಹೋದಳು.

ಸೂರ್ಯ ಇಳಿಯುತ್ತಿದ್ದ. ರಂಗೇಶ ರೋಸಿಹೋಗಿ ಓಬಳೇಶನನ್ನು ಪಕ್ಕಕ್ಕೆ ತಳ್ಳಿ ತಾನೇ ಪ್ಲಗ್ಗು ಕಿತ್ತ. ಒಳಗೆ ಬೆರಳಿನುಗುರಿನಷ್ಟು ಕೊಬ್ಬರಿ ಚೂರು, ಅದರ ಸುತ್ತ ಜಾತ್ರೆಗೆ ಸೇರಿದಂತೆ ಕೆಂಪಿರುವೆ.

"ಇದ್ಯಾರಪ್ಪ ಪ್ಲಗ್ಗಿಗೆ ಎಡೆ ಇಟ್ಟಿರೋದು?" ಎಂದ ಪೊಲೀಸಿನವನು, ಎರಡನೇ ಟೀ ಊದುತ್ತಾ.

ರಂಗೇಶ ಇರುವೆ ಕೊಡವಿ, ಪ್ಲಗ್ಗು ಒರೆಸಿ, ಓಬಳೇಶ ಬದಲಿಸಿದ್ದನ್ನು ಮೊದಲಿನ ಹಾಗೇ ಮಾಡಿದ. ಅರ್ಥ್ ವೈರಿನ ಬೋಲ್ಟಿಗೆ ಹೊಳಪಿಗೆಂದು ಬಳಿದಿದ್ದ, ಕರೆಂಟಿಗೆ ಅಡ್ಡ ನಿಂತಿದ್ದ ಬಣ್ಣವನ್ನೂ ಚಾಕುವಿನಿಂದ ಕೆರೆದ. ಎಡಕ್ಕೆ ಎಂದರೆ ಎಡ, ಬ್ರೇಕ್ ಎಂದರೆ ಬ್ರೇಕ್. ಆದರೆ ಕಾಯಿ ಏಟಿಗೆ ಪ್ಲಗ್ಗಿನ ಕ್ಲಿಪ್ಪು ಮುರಿದಿತ್ತು. ಕೈ ಬಿಟ್ಟರೆ ಜಾರುತ್ತಿತ್ತು, ಲೈಟು ಆರುತ್ತಿತ್ತು.

"ಸಂದೀಗೆ ಏನಾದ್ರೂ ತುರುಕ್ಬೇಕು. ರಬ್ಬರ್ ಆದ್ರೆ ಪಸಂದು" ಎಂದ ಓಬಳೇಶ.

ಬೋರಣ್ಣ ಬನ್ನು ಕೊಡಲು ಬಂದ. ಪೊಲೀಸಿನವನು ಬೆಂಕಿಪೊಟ್ಟಣ ಕೊಟ್ಟ. ಕೆಂಚಕ್ಕ ಸೊಂಟದ ಗಂಟು ಬಿಚ್ಚಿ, ಹೆಬ್ಬೆರಳಿನ ಗಾತ್ರದ ಕರಿ ರಬ್ಬರೊಂದನ್ನು ಚಾಚಿದಳು. "ಇದು ಆಗ್ತದಾ ನೋಡಪ್ಪ. ಇಲ್ಲೇ ಸಿಕ್ತು."

ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಕೊಕ್ಕೆ ಹಿಡಿದು ಅಲ್ಲಾಡಿಸಿದರೂ ಪ್ಲಗ್ಗು ಮಿಸುಕಲಿಲ್ಲ.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಕೆಂಚಕ್ಕ" ಎಂದ ರಂಗೇಶ.

"ನಂದು ಬಿಡು. ನನ್ನ ಕುರಿಗಳ ಹೊಟ್ಟೆ ತಣ್ಣಗಾತು" ಎಂದು ಆಕೆ ಹಿಂಡಿನೊಂದಿಗೆ ಹೊರಟಳು.

ಪೊಲೀಸಿನವನು ಹೋಗು ಎಂದು ಕೈ ಬೀಸಿದ. ರಂಗೇಶ ಡ್ಯಾಮು ಮುಟ್ಟಿದಾಗ ಬೀಗರ ಕಾರು ಆಗಷ್ಟೇ ನಿಂತಿತ್ತು. ಟ್ರೈಲರನ್ನು ಹಿಮ್ಮುಖವಾಗಿ ಇಳಿಜಾರಿಗೆ ಬಿಟ್ಟ. ದೋಣಿ ಎಮ್ಮೆಯಂತೆ ಮೆಲ್ಲಗೆ ನೀರಿಗೆ ಜಾರಿತು.

"ಹೇಳಿದ ಹೊತ್ತಿಗೆ ತಂದ್ಯಲ್ಲೋ. ಇನ್ನು ಲಾರಿ ಬೇಡ ನಿಂಗೆ" ಎಂದು ತಿಪ್ಪಯ್ಯನವರು ಬೆನ್ನು ತಟ್ಟಿದರು. ರಂಗೇಶ ಜೀವನದಲ್ಲಿ ಮೊದಲ ಬಾರಿಗೆ ಗುಂಡಿಯಿಲ್ಲದ ಸೀಟಿನ ಮೇಲೆ ಕೂತ. ಹಿಂದೆ ತಿಪ್ಪಯ್ಯನವರು, ಬೀಗರು, ರೇಷ್ಮೆ ಸೀರೆ ಹರಡಿಕೊಂಡು ಬೀಗಿತ್ತಿ ಏಕಾಂತಮ್ಮ ಕೂತರು.

ದಡದಿಂದ ಇಪ್ಪತ್ತು ಮಾರು ಹೋಗಿರಬೇಕು.

"ತಿಪ್ಪಯ್ನೋರೇ, ದೋಣಿ ಒಳಗೂ ನೀರು ಇರ್ತೈತೇನ್ರಿ?" ಎಂದು ಏಕಾಂತಮ್ಮ ಬಹಳ ಮರ್ಯಾದೆಯಿಂದ ಕೇಳಿದರು.

ದೋಣಿಯೊಳಗೆ ಕಣಕಾಲು ಮುಳುಗುವಷ್ಟು ನೀರಿತ್ತು. ರಂಗೇಶ ಬಗ್ಗಿ ತಡಕಿದ. ಹಿಂಭಾಗದ ತಳದಲ್ಲಿ, ಒಳಗಿನ ನೀರು ಹೊರಗೆ ಬಿಡಲೆಂದು ಮಾಡಿದ ತೂತು ಬಾಯಿ ತೆರೆದುಕೊಂಡಿತ್ತು. ಬೂಚು ಇರಲಿಲ್ಲ. ತೂತಿಗೆ ಹೆಬ್ಬೆರಳಿಟ್ಟ. ಸರಿಯಾಗಿ ಕೂತಿತು. ದಡದ ಕಡೆ ತಲೆಯೆತ್ತಿದ. ಟ್ರೈಲರಿನ ಲೈಟುಗಳು ನೀರಿನ ಅಂಚಿನಲ್ಲಿ ಕೆಂಪಗೆ, ಯಾವ ಕುಂದೂ ಇಲ್ಲದೆ ಉರಿಯುತ್ತಿದ್ದವು. ಕುರಿಗಳು ಏನು ಕುಡಿದವೆಂದು ಅವನಿಗೆ ಆಗ ತಿಳಿಯಿತು.

ದಡದಲ್ಲಿದ್ದವರು ಹಗ್ಗ ಹಾಕಿ ದೋಣಿ ಸಮೇತ ಎಲ್ಲರನ್ನೂ ಎಳೆದುಕೊಂಡರು. ಏಕಾಂತಮ್ಮ ಸೀರೆ ಹಿಂಡುತ್ತಾ ಕಾರು ಹತ್ತಿದರು, ಬರುತ್ತೇನೆ ಎನ್ನಲಿಲ್ಲ. ಎಂಜಿನ್ನಿಗೆ ನೀರು ನುಗ್ಗಿತ್ತು.

"ಬೂಚು ಕಿತ್ತು ದೋಣಿಗೆ ಹಾಕು" ಎಂದರು ತಿಪ್ಪಯ್ಯನವರು, ರಂಗೇಶ ನಡೆದದ್ದು ಹೇಳಿದ ಮೇಲೆ. ರಂಗೇಶ ಕಿತ್ತ. ಪ್ಲಗ್ಗು ಜಾರಿತು, ಲೈಟುಗಳು ಆರಿದವು. "ಈಗ್ಲೇ ಹೊಸದುರ್ಗಕ್ಕೆ ವಾಪಸ್ ಎಳ್ಕಂಡು ಹೋಗು. ನಾಳೆಯಿಂದ ಕಾಯಿ ಲಾರಿ."

"ಲೈಟಿಲ್ಲ ಯಜಮಾನ್ರೆ. ದಾರ್ಯಾಗೆ ಅದೇ ಪೊಲೀಸಪ್ಪ ಕುಂತವ್ನೆ."

ತಿಪ್ಪಯ್ಯನವರು ಟ್ರೈಲರನ್ನು ಸುತ್ತು ಹಾಕಿ ನೋಡಿದರು. "ಯಾರದೋ ಕಣ್ಣು ಬಿದ್ದೈತೆ, ತಡಿ" ಎಂದು ತಮ್ಮ ಕಾರಿನ ಡಿಕ್ಕಿಯಿಂದ ಇನ್ನೊಂದು ಕಾಯಿ ತಂದರು.

"ನೆಲಕ್ಕೆ ಒಡೀರಿ ಯಜಮಾನ್ರೆ. ನಿಮ್ಮ ಕಾಲಿಗೆ ಬೀಳ್ತೀನಿ, ನೆಲಕ್ಕೆ ಒಡೀರಿ."

"ನೆಲಕ್ಕೆ ಒಡೆದ್ರೆ ನೆಲಕ್ಕೆ ಒಳ್ಳೇದಾಗ್ತೈತೆ ಕಣೋ, ಗಾಡಿಗಲ್ಲ" ಎನ್ನುತ್ತಾ ತಿಪ್ಪಯ್ಯನವರು ಕೊಕ್ಕೆಯ ಮೇಲೆ ಗುರಿಯಿಟ್ಟು ಕೈ ಎತ್ತಿದರು.